ಗುಲಾಬಿ ಚೀಟಿಯಿಂದ ಮೂರು ಬೆರಳಿನವರೆಗೆ: ಕೇಡುನಾಡಿನ ಕಥೆಗಳಲ್ಲಿ ಪ್ರೀತಿಯ ಚರಿತ್ರೆ

ಹೊರನಾಡಿನ ಕನ್ನಡ ಮನೆಗಳ ಪುಸ್ತಕದ ಕಪಾಟಿನಲ್ಲಿ ಎರಡು ತಲೆಮಾರುಗಳು ಒಂದರ ಮೇಲೊಂದು ವಾಸವಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಮೇಲಿನ ಸಾಲಿನಲ್ಲಿ ಕಾರಂತರು, ತ್ರಿವೇಣಿ, ಭೈರಪ್ಪನವರು. ಕೆಳಗಿನ ಸಾಲಿನಲ್ಲಿ ಮಕ್ಕಳು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಊಟದ ಹೊತ್ತನ್ನೂ ಮರೆತು ಓದಿದ ಇಂಗ್ಲಿಷ್ ಕಾದಂಬರಿಗಳು, ಬಹುಪಾಲು ಮೂರು ಮೂರು ಸಂಪುಟಗಳ ಕಟ್ಟುಗಳು. ಮೇಲಿನ ಸಾಲಿನವರು ಕೆಳಗಿನ ಸಾಲಿನ ಬಗ್ಗೆ ಸಾಮಾನ್ಯವಾಗಿ ಕೊಡುವ ತೀರ್ಪು ಒಂದೇ ವಾಕ್ಯದ್ದು: ಒಬ್ಬಳು ಹುಡುಗಿ, ಇಬ್ಬರು ಹುಡುಗರು, ಹಿನ್ನೆಲೆಗೊಂದು ಕ್ರೂರ ಸರ್ಕಾರ, ಅಷ್ಟೇ ತಾನೇ?

ಈ ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ಅದು ಅವಸರದ್ದು ಎಂಬುದು ನಮ್ಮ ಅನಿಸಿಕೆ. ಕ್ರೂರ ಸರ್ಕಾರ ಮತ್ತು ಪ್ರೀತಿ ಇವೆರಡೂ ಒಂದೇ ಕಥೆಯೊಳಗೆ ಬಂದು ನೂರು ವರ್ಷಗಳಾದುವು. ಆ ನೂರು ವರ್ಷಗಳಲ್ಲಿ ಪ್ರೀತಿಗೆ ಇದ್ದ ಅರ್ಥ ಹಲವು ಬಾರಿ ಬದಲಾಗಿದೆ. ಮೂವರ ನಡುವಿನ ಪ್ರೇಮವೂ ಪ್ರಕಾಶಕರು ನಿನ್ನೆ ಮೊನ್ನೆ ಕಂಡುಹಿಡಿದ ಸರಕಲ್ಲ. ಈ ಲೇಖನದಲ್ಲಿ ಆ ಚರಿತ್ರೆಯನ್ನು ಹಿಂಬಾಲಿಸಲು ಯತ್ನಿಸಿದ್ದೇವೆ.

ಮೊದಲು ಒಂದು ಮಾತು ಹೆಸರಿನ ಬಗ್ಗೆ. ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯಾ’ ಎಂಬ ಪದವನ್ನು ಟಂಕಿಸಿದ. 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಆಡಳಿತದ ಕುರಿತು ಮಾತನಾಡುತ್ತ ಜಾನ್ ಸ್ಟುವರ್ಟ್ ಮಿಲ್ ಅದಕ್ಕೆ ಎದುರಾದ ಪದವನ್ನು ಬಳಸಿದ. ಆ ಡಿಸ್ಟೋಪಿಯಾವನ್ನು ನಾವು ಇಲ್ಲಿ ‘ಕೇಡುನಾಡು’ ಎಂದು ಕರೆಯುತ್ತೇವೆ. ಎಲ್ಲವೂ ಕೆಟ್ಟುಹೋದ ನಾಡೆಂದು ಇದರ ಅರ್ಥವಲ್ಲ. ಎಲ್ಲವನ್ನೂ ಸರಿಪಡಿಸಿದ್ದೇವೆಂದು ಹೇಳಿಕೊಳ್ಳುವ ಆಡಳಿತವೇ ಕೇಡಾಗಿ ನಿಂತಿರುವ ನಾಡು ಅದು.

ಮೊದಲ ತ್ರಿಕೋನ

ರಷ್ಯಾದ ಲೇಖಕ ಯೆವ್ಗೆನಿ ಜಮ್ಯಾತಿನ್ 1920-21ರಲ್ಲಿ ಬರೆದ ಕಾದಂಬರಿಯ ಹೆಸರು ‘ನಾವು’. ಸೋವಿಯತ್ ಸೆನ್ಸಾರ್ ಅದನ್ನು ಅಚ್ಚಾಗಲು ಬಿಡಲಿಲ್ಲ. 1924ರಲ್ಲಿ ಅದು ಮೊದಲು ಬೆಳಕು ಕಂಡದ್ದು ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಲೇಖಕ 1931ರಲ್ಲಿ ದೇಶ ಬಿಟ್ಟು, 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ಸ್ವಂತ ನೆಲದಲ್ಲಿ ಕಾದಂಬರಿ ಪ್ರಕಟವಾಗಲು 1988ರವರೆಗೆ ಕಾಯಬೇಕಾಯಿತು.

ಈ ಕಥೆಯ ಏಕರಾಜ್ಯದಲ್ಲಿ ಜನರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಮನೆಗಳ ಗೋಡೆಗಳು ಗಾಜಿನವು. ಪರದೆ ಇಳಿಸಲು ಒಂದೇ ಸಂದರ್ಭದಲ್ಲಿ ಅನುಮತಿ: ಸರ್ಕಾರ ಕೊಟ್ಟ ಗುಲಾಬಿ ಬಣ್ಣದ ಚೀಟಿ ಕೈಯಲ್ಲಿರುವಾಗ. ಯಾರು ಯಾರ ಬಳಿಗೆ ಬೇಕಾದರೂ ಹೋಗಬಹುದು, ಚೀಟಿಯೊಂದಿದ್ದರೆ ಸಾಕು. ನಾಯಕ ಡಿ-503 ಗಣಿತಜ್ಞ. ಅವನಿಗೂ ಕವಿ ಆರ್-13ಗೂ ಓ-90 ಎಂಬ ಹೆಣ್ಣಿನ ಸಖ್ಯವಿದೆ. ಮೂವರ ನಡುವೆ ಮತ್ಸರವಿಲ್ಲ, ಗುಟ್ಟಿಲ್ಲ. ಈ ಸಂಬಂಧವನ್ನು ಡಿ-503 ತ್ರಿಕೋನವೆಂದೇ ಕರೆದುಕೊಳ್ಳುತ್ತಾನೆ. ಕೇಡುನಾಡಿನ ಕಥೆಗಳ ಮೊದಲ ಪ್ರಸಿದ್ಧ ತ್ರಿಕೋನ ಹೀಗೆ ಸರ್ಕಾರದ ಮುದ್ರೆ ಬಿದ್ದ, ನೋವಿಲ್ಲದ ತ್ರಿಕೋನ. ನೋವು ಶುರುವಾಗುವುದು ಐ-330 ಎಂಬ ಮತ್ತೊಬ್ಬಳು ಬಂದು, ಡಿ-503ರ ಎದೆಯಲ್ಲಿ ಚೀಟಿಯ ಲೆಕ್ಕಕ್ಕೆ ಸಿಗದ ಒಂದು ಸಂಕಟವನ್ನು ಹುಟ್ಟಿಸಿದಾಗ.

ಇಲ್ಲಿಂದ ಹೊರಟ ಪಾಠ ಸರಳವಾದದ್ದು: ಎಲ್ಲರೂ ಎಲ್ಲರಿಗೂ ಸಮಾನವಾಗಿ ದಕ್ಕಬೇಕೆನ್ನುವ ಆಡಳಿತಕ್ಕೆ, ಇವಳೇ ಬೇಕು ಎನ್ನುವವನು ಅಪರಾಧಿ. ಆಯ್ಕೆಯೇ ಬಂಡಾಯ. ಆದರೆ ಜಮ್ಯಾತಿನ್ ಆ ಬಂಡಾಯವನ್ನು ಗೆಲ್ಲಿಸಲಿಲ್ಲ. ಕೊನೆಯಲ್ಲಿ ಡಿ-503ರ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಲಾಗುತ್ತದೆ. ಐ-330ಕ್ಕೆ ಚಿತ್ರಹಿಂಸೆ ಕೊಡುವುದನ್ನು ಅವನು ನಿರ್ಲಿಪ್ತನಾಗಿ ನೋಡುತ್ತ ಕೂರುತ್ತಾನೆ. ಉಳಿದುಕೊಳ್ಳುವವಳು ಯಾರ ಗಮನವೂ ಹೋಗದಿದ್ದ ಓ-90. ಅನುಮತಿಯಿಲ್ಲದೆ ಬಸುರಾದ ಆಕೆ ಹಸಿರು ಗೋಡೆಯನ್ನು ದಾಟಿ ಹೋಗುತ್ತಾಳೆ.

1932ರಲ್ಲಿ ಬಂದ ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಭೋಗಕ್ಕೆ ಅಡ್ಡಿಯಿಲ್ಲ, ಬಾಂಧವ್ಯಕ್ಕೆ ಅಡ್ಡಿ. ತಾಯಿ ಎಂಬ ಪದವೇ ಅಲ್ಲಿ ಅಶ್ಲೀಲ. 1949ರ ಜಾರ್ಜ್ ಆರ್ವೆಲ್‌ನ ‘ನೈಂಟೀನ್ ಎಯ್ಟಿಫೋರ್’ನಲ್ಲಿ ಇದಕ್ಕೆ ತಿರುವುಮುರುವು: ಬಯಕೆಯನ್ನೇ ಪಕ್ಷ ಬತ್ತಿಸಬೇಕು, ಏಕೆಂದರೆ ಬಯಕೆಯ ಕಾವೆಲ್ಲ ನಾಯಕನ ಆರಾಧನೆಗೆ ಬೇಕು. 1946ರಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಜಮ್ಯಾತಿನ್ನನ ಕಾದಂಬರಿಯನ್ನು ವಿಮರ್ಶಿಸಿದ್ದ ಆರ್ವೆಲ್ ಅದರ ಮುಕ್ತಾಯದಿಂದ ಪಾಠ ಕಲಿತಂತೆ ಕಾಣುತ್ತದೆ. ವಿನ್‌ಸ್ಟನ್ ಮತ್ತು ಜೂಲಿಯಾ ಇಬ್ಬರನ್ನೂ ಆಡಳಿತ ಕೊಲ್ಲುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಬಿಟ್ಟುಕೊಡುವಂತೆ ಮಾಡಿ, ಬದುಕಲು ಬಿಡುತ್ತದೆ. ಅಲ್ಲಿಯೂ ಒಂದು ತ್ರಿಕೋನವಿದೆ ಎನ್ನಬಹುದು. ಅದರ ಮೂರನೆಯ ಕೋನ ಭಿತ್ತಿಚಿತ್ರದಿಂದ ದಿಟ್ಟಿಸುವ ಮುಖ. ಕಾದಂಬರಿಯ ಕೊನೆಗೆ ವಿನ್‌ಸ್ಟನ್ ಪ್ರೀತಿಸುವುದು ಆ ಮುಖವನ್ನು.

ಹಿರಿಯರಿಗಾಗಿ ಬರೆದ ಈ ಕಥೆಗಳಲ್ಲಿ ಪ್ರೀತಿ ಒಂದು ಪರೀಕ್ಷೆ. ಮನುಷ್ಯ ಆ ಪರೀಕ್ಷೆಯಲ್ಲಿ ಸೋಲುತ್ತಾನೆ. ಆ ಸೋಲಿನಿಂದ ನಾವು ಆಡಳಿತದ ಬಲವನ್ನು ಅಳೆಯುತ್ತೇವೆ. ಹರೆಯದವರಿಗೆ ಬರೆಯುವವರು ಇದೇ ಕಥೆಯನ್ನು ಹೇಳುವುದು ಹೇಗೆ? ಹದಿನೈದರ ಓದುಗನ ಕೈಗೆ ಸೋಲನ್ನಷ್ಟೇ ಕೊಟ್ಟು ಕಳಿಸುವುದು ಕಷ್ಟ. ತೊಡಕು ಇಲ್ಲಿಂದ ಆರಂಭವಾಗುತ್ತದೆ.

ಮಕ್ಕಳ ಕೈಗೆ ಬಂದ ಕೇಡುನಾಡು

ಹರೆಯದ ಓದುಗರು ಪ್ರತ್ಯೇಕ ವರ್ಗವೆಂಬ ಕಲ್ಪನೆ ಅಮೆರಿಕದಲ್ಲಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಅಲ್ಲಿನ ಗ್ರಂಥಾಲಯ ಸಂಘ 1957ರಲ್ಲಿ ಇವರಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು. 1967ರಲ್ಲಿ, ತಾನೇ ಹದಿಹರೆಯದಲ್ಲಿದ್ದ ಎಸ್. ಇ. ಹಿಂಟನ್ ಬರೆದ ‘ದಿ ಔಟ್‌ಸೈಡರ್ಸ್’ ಆ ವರ್ಗಕ್ಕೆ ತನ್ನದೇ ದನಿ ಉಂಟೆಂದು ತೋರಿಸಿತು.

ಕೇಡುನಾಡು ಈ ಓದುಗರ ಬಳಿಗೆ ಗಂಭೀರವಾಗಿ ಬಂದದ್ದು 1993ರಲ್ಲಿ, ಲೋಯಿಸ್ ಲೌರಿಯ ‘ದಿ ಗಿವರ್’ ಕಾದಂಬರಿಯ ಮೂಲಕ. ಮರುವರ್ಷ ಅದಕ್ಕೆ ನ್ಯೂಬೆರಿ ಪದಕ ಬಂತು. ಅದರ ನಾಯಕ ಜೋನಾಸ್ ಹನ್ನೆರಡರ ಹುಡುಗ. ಗೆಳತಿ ಫಿಯೋನಾಳ ಬಗ್ಗೆ ಅವನಿಗೊಂದು ಕನಸು ಬಿದ್ದ ದಿನವೇ, ಹರೆಯದ ಆ ಮಿಡಿತವನ್ನು ಅಡಗಿಸುವ ಮಾತ್ರೆಯನ್ನು ಮನೆಯಲ್ಲಿ ಕೈಗಿಡುತ್ತಾರೆ. ದಿನವೂ ಬೆಳಿಗ್ಗೆ, ವಯಸ್ಕ ಬದುಕಿನುದ್ದಕ್ಕೂ ನುಂಗಬೇಕಾದ ಮಾತ್ರೆ. ತನ್ನನ್ನು ಪ್ರೀತಿಸುತ್ತೀರಾ ಎಂದು ಅವನು ತಂದೆತಾಯಿಗಳನ್ನು ಕೇಳುವ ಸನ್ನಿವೇಶವೊಂದು ಬರುತ್ತದೆ. ಅವರು ಬೇಸರಪಡುವುದಿಲ್ಲ, ಸಿಟ್ಟಾಗುವುದಿಲ್ಲ; ಆ ಪದಕ್ಕೆ ನಿಖರವಾದ ಅರ್ಥವಿಲ್ಲವೆಂದು ಅವನ ಭಾಷೆಯನ್ನು ತಿದ್ದುತ್ತಾರೆ. ಒಂದು ಪದ ಬಳಕೆಯಿಂದ ಜಾರಿಹೋದರೆ ಅದರೊಡನೆ ಒಂದು ಅನುಭವವೂ ಜಾರಿಹೋಗುತ್ತದೆಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಪುಟಗಳು ವಿರಳ. ಈ ಕಾದಂಬರಿಯಲ್ಲಿ ತ್ರಿಕೋನವಿಲ್ಲ, ಪ್ರೇಮಪ್ರಸಂಗವೂ ಇಲ್ಲ. ಪ್ರೀತಿ ಎಂಬುದೊಂದು ಇತ್ತು ಎಂಬ ನೆನಪೇ ಇದರ ಕಥಾವಸ್ತು.

2001ರಲ್ಲಿ ಬ್ರಿಟನ್ನಿನ ಮೆಲೋರಿ ಬ್ಲ್ಯಾಕ್‌ಮನ್ ‘ನಾಟ್ಸ್ ಅಂಡ್ ಕ್ರಾಸಸ್’ ಬರೆದಳು. ಕಪ್ಪು ಜನ ಆಳುವವರು, ಬಿಳಿಯರು ಒಂದು ಕಾಲಕ್ಕೆ ಅವರ ಗುಲಾಮರಾಗಿದ್ದವರು. ಹೀಗೆ ವರ್ಣವ್ಯವಸ್ಥೆಯನ್ನು ಮಗುಚಿಹಾಕಿದ ನಾಡದು. ಸೆಫಿ ಮತ್ತು ಕ್ಯಾಲಮ್ ಚಿಕ್ಕಂದಿನ ಜೊತೆಗಾರರು. ಇಲ್ಲಿಯೂ ಮೂರನೆಯ ಪ್ರೇಮಿಯ ಅಗತ್ಯ ಬೀಳುವುದಿಲ್ಲ, ಸಮಾಜವೇ ಆ ಜಾಗದಲ್ಲಿ ನಿಂತಿದೆ. ಕ್ಯಾಲಮ್ ನೇಣುಗಂಬಕ್ಕೆ ಹೋಗುತ್ತಾನೆ. ಬ್ಲ್ಯಾಕ್‌ಮನ್ ತನ್ನ ಎಳೆಯ ಓದುಗರಿಗೆ ರಿಯಾಯಿತಿ ತೋರಿಸಲಿಲ್ಲ.

ಎರಡು ಬಣಗಳು

ಇಬ್ಬರು ಹುಡುಗರ ನಡುವೆ ಒಬ್ಬ ಹುಡುಗಿ ಎಂಬ ವಿನ್ಯಾಸ ಈ ಕಥೆಗಳಿಗೆ ಎರಡು ದಿಕ್ಕಿನಿಂದ ಬಂತು. ಒಂದು ಒಳಗಿನದು. 2005ರಲ್ಲಿ ಸ್ಕಾಟ್ ವೆಸ್ಟರ್‌ಫೆಲ್ಡ್‌ನ ‘ಅಗ್ಲೀಸ್’ ಸರಣಿ ಆರಂಭವಾಯಿತು. ಹದಿನಾರು ತುಂಬಿದವರಿಗೆಲ್ಲ ಸುಂದರರಾಗುವ ಶಸ್ತ್ರಚಿಕಿತ್ಸೆ. ಅದರ ಜೊತೆಗೆ ಗುಟ್ಟಾಗಿ ಮಿದುಳಿಗೂ ಒಂದು ಗಾಯ. ನಾಯಕಿ ಟ್ಯಾಲಿ ಮೊದಲ ಸಂಪುಟದಲ್ಲಿ ಕಾಡಿನ ಹುಡುಗ ಡೇವಿಡ್‌ನನ್ನು ಪ್ರೀತಿಸುತ್ತಾಳೆ. ಎರಡನೆಯ ಸಂಪುಟದಲ್ಲಿ, ಬದಲಾದ ಮಿದುಳಿನೊಡನೆ ನಗರಕ್ಕೆ ಮರಳಿದವಳಿಗೆ ಜೇನ್ ಎಂಬವನು ಸಿಗುತ್ತಾನೆ. ಇಬ್ಬರಲ್ಲಿ ಯಾರು ಎಂಬುದಕ್ಕಿಂತ, ಯಾವ ಟ್ಯಾಲಿ ನಿಜವಾದ ಟ್ಯಾಲಿ ಎಂಬುದು ಇಲ್ಲಿಯ ಪ್ರಶ್ನೆ.

ಮತ್ತೊಂದು ದಿಕ್ಕು ಹೊರಗಿನದು. ಅದೇ 2005ರಲ್ಲಿ ಬಂದ ಸ್ಟೆಫನಿ ಮೇಯರ್‌ಳ ‘ಟ್ವೈಲೈಟ್’ ಕೇಡುನಾಡಿನ ಕಥೆಯಲ್ಲ, ರಕ್ತಪಿಶಾಚಿಯೊಬ್ಬನ ಪ್ರೇಮಕಥೆ. ಎಡ್ವರ್ಡ್ ಒಂದು ಕಡೆ, ಜೇಕಬ್ ಇನ್ನೊಂದು ಕಡೆ. ಓದುಗರು ಕ್ರಿಕೆಟ್ ತಂಡಗಳಿಗೆ ನಿಷ್ಠೆ ತೋರುವಂತೆ ಎರಡು ಬಣಗಳಾಗಿ ಒಡೆದರು; ಅಂಗಿಗಳ ಮೇಲೆ ಬಣದ ಹೆಸರು ಅಚ್ಚಾಯಿತು. ಪ್ರಕಾಶಕರಿಗೆ ಇದರಲ್ಲಿ ಒಂದು ಸೂತ್ರ ಕಾಣಿಸಿತು. ತ್ರಿಕೋನವಿದ್ದರೆ ಒಂದು ಸಂಪುಟ ಮುಗಿದ ಮೇಲೂ ಪ್ರಶ್ನೆ ಉಳಿಯುತ್ತದೆ, ಮುಂದಿನ ಸಂಪುಟಕ್ಕೆ ಕಾಯುವವರು ಇರುತ್ತಾರೆ. ಎರಡನೆಯ ಸಂಪುಟಕ್ಕೆ ಹೊಸ ಹುಡುಗನೊಬ್ಬ ಬರುವುದು ಆ ಕಾಲದ ಹಲವು ಸರಣಿಗಳಲ್ಲಿ ವಾಡಿಕೆಯೇ ಆಯಿತು.

ಆದರೆ ಮಾರುಕಟ್ಟೆ ಮಾತ್ರ ಕಾರಣವೆಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಫ್ರೆಂಚ್ ವಿದ್ವಾಂಸ ರೆನೆ ಜಿರಾರ್ 1961ರ ತನ್ನ ಗ್ರಂಥದಲ್ಲಿ, ಬಯಕೆ ಎಂದಿಗೂ ಇಬ್ಬರ ನಡುವಿನ ಸರಳರೇಖೆಯಲ್ಲ, ಮೂರನೆಯವನೊಬ್ಬನನ್ನು ನೋಡಿ ನಾವು ಬಯಸುವುದನ್ನು ಕಲಿಯುತ್ತೇವೆ ಎಂದು ವಾದಿಸಿದ. ನಮಗೂ ಇದು ಅಪರಿಚಿತವಲ್ಲ. ಗಿರೀಶ ಕಾರ್ನಾಡರ ‘ಹಯವದನ’ದ ಪದ್ಮಿನಿಗೆ ಬೇಕಾದದ್ದು ದೇವದತ್ತನ ಬುದ್ಧಿ, ಕಪಿಲನ ದೇಹ, ಎರಡೂ. ಆ ನಾಟಕದಲ್ಲಿ ಗಂಡಸರಿಬ್ಬರೂ ಸತ್ತು, ಪದ್ಮಿನಿ ಚಿತೆಯೇರುತ್ತಾಳೆ. ಎರಡನ್ನೂ ಬಯಸಿದ ಹೆಣ್ಣಿಗೆ ಲೋಕದಲ್ಲಿ ಜಾಗವಿರಲಿಲ್ಲ. ಹರೆಯದವರ ಕಾದಂಬರಿಯ ನಾಯಕಿಗೆ ಕನಿಷ್ಠ ಪಕ್ಷ ಯೋಚಿಸಲು ಮೂರು ಸಂಪುಟಗಳಷ್ಟು ಅವಕಾಶ ಸಿಕ್ಕಿತು. ಇದನ್ನು ಸಣ್ಣ ಸಂಗತಿಯೆಂದು ನಾವು ತಿಳಿಯುವುದಿಲ್ಲ.

ರೊಟ್ಟಿ ಮತ್ತು ಬೆಂಕಿ

2008ರ ಸೆಪ್ಟೆಂಬರಿನಲ್ಲಿ ಸುಜಾನ್ ಕಾಲಿನ್ಸ್‌ಳ ‘ದಿ ಹಂಗರ್ ಗೇಮ್ಸ್’ ಬಂತು. 2009ರಲ್ಲಿ ‘ಕ್ಯಾಚಿಂಗ್ ಫೈರ್’, 2010ರಲ್ಲಿ ‘ಮಾಕಿಂಗ್‌ಜೇ’. ಟೀವಿ ವಾಹಿನಿಗಳನ್ನು ಬದಲಿಸುತ್ತಿದ್ದಾಗ ಸ್ಪರ್ಧೆಯ ರಿಯಾಲಿಟಿ ಷೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಒಂದರೊಳಗೊಂದು ಕಲಸಿಹೋದ ಕ್ಷಣದಿಂದ ಕಥೆ ಹುಟ್ಟಿತೆಂದು ಲೇಖಕಿ ಹೇಳಿಕೊಂಡಿದ್ದಾಳೆ. ಅಥೆನ್ಸಿನ ಮಕ್ಕಳನ್ನು ಕ್ರೀಟಿಗೆ ಬಲಿ ಕಳಿಸುತ್ತಿದ್ದ ಗ್ರೀಕ್ ಪುರಾಣವೂ ಅದರ ಹಿಂದಿದೆ. ಉತ್ತರ ಅಮೆರಿಕದ ಅವಶೇಷಗಳ ಮೇಲೆ ಎದ್ದ ಪ್ಯಾನೆಮ್ ದೇಶದ 12 ಜಿಲ್ಲೆಗಳು ವರ್ಷಕ್ಕೊಮ್ಮೆ ತಲಾ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ರಾಜಧಾನಿಗೆ ಒಪ್ಪಿಸಬೇಕು. 24 ಮಕ್ಕಳಲ್ಲಿ ಒಬ್ಬರು ಉಳಿಯುವವರೆಗೆ ಕಾದಾಟ, ಅದರ ನೇರ ಪ್ರಸಾರ.

ತಂಗಿಯ ಹೆಸರು ಬಂದಾಗ ತಾನು ಹೋಗುತ್ತೇನೆಂದು ಮುಂದೆ ಬರುವ ಕ್ಯಾಟ್‌ನಿಸ್‌ಳ ಜೊತೆಗೆ ಆಯ್ಕೆಯಾದವನು ರೊಟ್ಟಿ ಅಂಗಡಿಯವನ ಮಗ ಪೀಟಾ. ಅಪ್ಪ ಗಣಿಯ ಸ್ಫೋಟದಲ್ಲಿ ಸತ್ತು ಮನೆಮಂದಿ ಹಸಿದಿದ್ದ ದಿನಗಳಲ್ಲಿ ಅವಳಿಗೆ ಸೀದ ರೊಟ್ಟಿಯನ್ನು ಎಸೆದಿದ್ದವನು ಅವನೇ. ಊರಿನಲ್ಲಿ ಉಳಿದವನು ಗೇಲ್, ಕಾಡಿನಲ್ಲಿ ಅವಳ ಬೇಟೆಯ ಜೊತೆಗಾರ. ತ್ರಿಕೋನ ಸಿದ್ಧವಾಯಿತು. ಆದರೆ ಕಾಲಿನ್ಸ್ ಇಲ್ಲಿ ಮಾಡಿದ ಕೆಲಸ ಬೇರೆ ಯಾರೂ ಅಷ್ಟು ಚೆನ್ನಾಗಿ ಮಾಡಲಿಲ್ಲ. ತಾನು ಅವಳನ್ನು ಪ್ರೀತಿಸುತ್ತೇನೆಂದು ಪೀಟಾ ಟೀವಿ ಸಂದರ್ಶನದಲ್ಲಿ ಹೇಳಿದ ಕ್ಷಣದಿಂದ ಆ ಪ್ರೀತಿ ಪ್ರಸಾರದ ಸೊತ್ತಾಗುತ್ತದೆ. ನೋಡುಗರಿಗೆ ಪ್ರಿಯವಾದ ಜೋಡಿಗೆ ಧನಿಕರು ಉಡುಗೊರೆ ಕಳಿಸುತ್ತಾರೆ. ಗಾಯಗೊಂಡ ಪೀಟಾನ ಜೊತೆ ಗುಹೆಯಲ್ಲಿ ಅಡಗಿರುವ ಕ್ಯಾಟ್‌ನಿಸ್ ಅವನಿಗೊಂದು ಮುತ್ತು ಕೊಟ್ಟ ಮೇಲೆ ಪುಟ್ಟ ಪ್ಯಾರಾಚೂಟಿನಲ್ಲಿ ಬಿಸಿ ಸಾರು ಇಳಿಯುತ್ತದೆ. ಅವಳಿಗೆ ಸಂದೇಶ ಅರ್ಥವಾಗುತ್ತದೆ: ಇಷ್ಟು ಪ್ರೀತಿಗೆ ಇಷ್ಟು ಸಾರು. ಆಮೇಲೆ ತನ್ನ ಮನಸ್ಸಿನೊಳಗೆ ಯಾವುದು ನಟನೆ, ಯಾವುದು ನಿಜ ಎಂಬುದನ್ನು ಅವಳೇ ಬೇರ್ಪಡಿಸಲಾರಳು.

ಎರಡನೆಯ ಸಂಪುಟದಲ್ಲಿ ಆಡಳಿತ ಇನ್ನೂ ಒಳಗೆ ಕೈ ಹಾಕುತ್ತದೆ. ಗೇಲ್‌ನನ್ನು ಪತ್ರಕರ್ತರ ಮುಂದೆ ಅವಳ ದಾಯಾದಿ ಎಂದು ಪರಿಚಯಿಸಲಾಗುತ್ತದೆ, ಏಕೆಂದರೆ ಪ್ರಸಾರವಾಗುತ್ತಿರುವ ಪ್ರೇಮಕಥೆಯಲ್ಲಿ ಇನ್ನೊಬ್ಬ ಚೆಲುವನಿಗೆ ಜಾಗವಿಲ್ಲ. ಅಧ್ಯಕ್ಷ ಸ್ನೋ ಅವಳ ಮನೆಗೇ ಬಂದು, ಪ್ರೀತಿಯನ್ನು ನಂಬುವಂತೆ ನಟಿಸದಿದ್ದರೆ ಆಗುವ ಪರಿಣಾಮವನ್ನು ತಿಳಿಸುತ್ತಾನೆ. ಜಮ್ಯಾತಿನ್‌ನ ರಾಜ್ಯ ಪ್ರೀತಿಗೆ ಚೀಟಿ ಕೊಟ್ಟಿತು, ಆರ್ವೆಲ್‌ನ ರಾಜ್ಯ ಪ್ರೀತಿಯನ್ನು ನಿಷೇಧಿಸಿತು. ಕಾಲಿನ್ಸ್‌ಳ ರಾಜ್ಯ ಪ್ರೀತಿಯನ್ನು ಆಜ್ಞಾಪಿಸುತ್ತದೆ. ಮೂರು ಕಾಲದ ಮೂರು ಭಯಗಳು ಇವು.

ಇಬ್ಬರು ಹುಡುಗರು ಎರಡು ರಾಜಕೀಯ ಉತ್ತರಗಳೂ ಹೌದು. ಗೇಲ್‌ನ ಕೋಪ ನ್ಯಾಯವಾದದ್ದು. ಆ ಕೋಪವೇ ಮೂರನೆಯ ಸಂಪುಟದಲ್ಲಿ ಒಂದು ಬಾಂಬಿನ ಉಪಾಯವಾಗುತ್ತದೆ: ಮೊದಲ ಸ್ಫೋಟದಲ್ಲಿ ಗಾಯಗೊಂಡವರ ನೆರವಿಗೆ ಓಡಿಬಂದವರನ್ನು ಎರಡನೆಯ ಸ್ಫೋಟ ಕೊಲ್ಲಬೇಕು. ಅಂಥದೇ ಬಾಂಬಿನಲ್ಲಿ, ಶುಶ್ರೂಷೆಗೆ ಬಂದ ತಂಗಿ ಪ್ರಿಮ್ ಸಾಯುತ್ತಾಳೆ. ಅದು ತನ್ನದೇ ಉಪಾಯದ ಬಾಂಬಲ್ಲವೆಂದು ಗೇಲ್ ಹೇಳಲಾರ. ತ್ರಿಕೋನ ಅಲ್ಲಿಗೆ ಮುರಿಯುತ್ತದೆ, ಯಾರನ್ನೂ ಆರಿಸಿಕೊಳ್ಳುವ ಸಂಭ್ರಮವಿಲ್ಲದೆ. ಅದಕ್ಕೂ ಮೊದಲು, ಅವಳು ಯಾರನ್ನು ಆರಿಸುತ್ತಾಳೆಂದು ಹುಡುಗರಿಬ್ಬರೂ ರಾತ್ರಿ ಮಾತನಾಡಿಕೊಳ್ಳುವುದನ್ನು ಕ್ಯಾಟ್‌ನಿಸ್ ಕೇಳಿಸಿಕೊಳ್ಳುತ್ತಾಳೆ. ತನಗೆ ಉಳಿವಿಗೆ ಬೇಕಾದವನನ್ನೇ ಆರಿಸುತ್ತಾಳೆಂಬ ಗೇಲ್‌ನ ಲೆಕ್ಕಾಚಾರ ಅವಳನ್ನು ಚುಚ್ಚುತ್ತದೆ. ಬಣ ಕಟ್ಟಿಕೊಂಡಿದ್ದ ಓದುಗರಿಗೂ ಅದು ಚುಚ್ಚಬೇಕಿತ್ತು.

ಶತ್ರುಗಳು ಪೀಟಾನ ನೆನಪುಗಳನ್ನೇ ವಿಷದಿಂದ ಕೆಡಿಸಿದ್ದಾರೆ. ಯಾವ ನೆನಪು ನಿಜ, ಯಾವುದು ಕಟ್ಟಿದ್ದು ಎಂದು ಅವನು ಒಂದೊಂದನ್ನೇ ಕೇಳಬೇಕು, ಜೊತೆಯವರು ಹೇಳಬೇಕು. ಅವರ ದಾಂಪತ್ಯ ಕಟ್ಟಿಕೊಳ್ಳುವುದು ಈ ಕೇಳು-ಹೇಳುವಿನ ಮೇಲೆ. ಮಕ್ಕಳು ಬೇಕೆನ್ನಲು ಕ್ಯಾಟ್‌ನಿಸ್‌ಗೆ ಹದಿನೈದು ವರ್ಷಗಳೇ ಹಿಡಿಯುತ್ತವೆ. ಯುದ್ಧ ಮುಗಿದ ಮೇಲಿನ ಪ್ರೀತಿಯೆಂದರೆ ಇಬ್ಬರು ಗಾಯಾಳುಗಳು ಪರಸ್ಪರರ ನೆನಪನ್ನು ಕಾಯುವುದು. ಹದಿಹರೆಯದವರಿಗೆ ಇದನ್ನು ಹೇಳಿದ ಪುಸ್ತಕವನ್ನು ಹಗುರವೆಂದು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ.

ಸರ್ಕಾರ ಹುಡುಕಿದ ವರ

2010ರಿಂದ ಸುಮಾರು ನಾಲ್ಕು ವರ್ಷ ಇಂಥ ಕಾದಂಬರಿಗಳ ಮಹಾಪೂರ. ಅವುಗಳಲ್ಲಿ ಭಾರತೀಯ ಓದುಗರು ನಿಂತು ನೋಡಬೇಕಾದ ಒಂದು ಗುಂಪಿದೆ: ಆಡಳಿತವೇ ಮದುವೆಯ ದಲ್ಲಾಳಿಯಾದ ಕಥೆಗಳು. ಆಲಿ ಕಾಂಡಿಯ ‘ಮ್ಯಾಚ್ಡ್’ (2010) ಕಾದಂಬರಿಯಲ್ಲಿ ಹದಿನೇಳನೆಯ ವಯಸ್ಸಿಗೆ ಔತಣಕೂಟವೊಂದರಲ್ಲಿ ಪರದೆಯ ಮೇಲೆ ವರನ ಮುಖ ಮೂಡುತ್ತದೆ. ಕಸ್ಸಿಯಾಳಿಗೆ ಗೊತ್ತಾದವನು ಬಾಲ್ಯದ ಗೆಳೆಯ ಜ್ಯಾಂಡರ್. ಬಳಿಕ ಮನೆಯಲ್ಲಿ ಕಾರ್ಡನ್ನು ಹಾಕಿ ನೋಡಿದಾಗ ಅರೆಕ್ಷಣ ಕಂಡದ್ದು ಕೈ ಎಂಬ ಇನ್ನೊಬ್ಬನ ಮುಖ. ಆ ಎರಡನೆಯ ಮುಖವೂ ಅಧಿಕಾರಿಗಳದೇ ಪ್ರಯೋಗವಾಗಿತ್ತೆಂದು ಅವಳಿಗೆ ಆಮೇಲೆ ಹೇಳಲಾಗುತ್ತದೆ. ಲಾರೆನ್ ಆಲಿವರ್‌ಳ ‘ಡೆಲಿರಿಯಮ್’ (2011) ಕಾದಂಬರಿಯಲ್ಲಿ ಪ್ರೀತಿಯೇ ರೋಗ. ಹದಿನೆಂಟಕ್ಕೆ ಅದರ ಚಿಕಿತ್ಸೆ, ಮೌಲ್ಯಮಾಪನದ ನಂತರ ಸರ್ಕಾರ ಒಪ್ಪಿದ ವರ.

ಅಮೆರಿಕದ ಓದುಗಳಿಗೆ ಇದು ಭಯಾನಕ ಕಲ್ಪನೆ. ನಮಗೆ? ಪತ್ರಿಕೆಯ ವಧುವರರ ಅಂಕಣ, ಕುಂಡಲಿಯ ಗುಣಗಳ ಎಣಿಕೆ, ಉಪಪಂಗಡದವರೆಗೆ ಶೋಧಿಸಿ ಕೊಡುವ ಜಾಲತಾಣ, ಇವುಗಳ ನಡುವೆ ಬೆಳೆದವರಿಗೆ ಇದು ಭವಿಷ್ಯದ ಕಥೆಯಾಗಿ ತೋರುವುದು ಕಷ್ಟ. ಇಲ್ಲಿ ಆ ಕೆಲಸವನ್ನು ಸರ್ಕಾರ ಮಾಡುವುದಿಲ್ಲ, ನಾವೇ ಮಾಡುತ್ತೇವೆ, ಪ್ರೀತಿಯಿಂದಲೇ ಮಾಡುತ್ತೇವೆ ಎಂಬುದಷ್ಟೇ ವ್ಯತ್ಯಾಸ.

ಕೀರಾ ಕ್ಯಾಸ್‌ಳ ‘ದಿ ಸೆಲೆಕ್ಷನ್’ (2012) ಈ ಮಾತನ್ನು ಇನ್ನೂ ಹತ್ತಿರ ತರುತ್ತದೆ. ಅಲ್ಲಿನ ನಾಡಿನಲ್ಲಿ ಎಂಟು ಜಾತಿಗಳು. ‘ಕಾಸ್ಟ್’ ಎಂಬ ಪದವನ್ನೇ ಲೇಖಕಿ ಬಳಸುತ್ತಾಳೆ. ಕಸುಬು ಜಾತಿಯಿಂದ ನಿಗದಿಯಾಗಿದೆ. ಮದುವೆಯಾದ ಹೆಣ್ಣು ಗಂಡನ ಜಾತಿಗೆ ಸೇರುತ್ತಾಳೆ. ನಾಯಕಿ ಅಮೆರಿಕಾ ಐದನೆಯವಳು, ಅವಳ ಪ್ರಿಯಕರ ಆಸ್ಪೆನ್ ಆರನೆಯವನು, ರಾಜಕುಮಾರ ಮ್ಯಾಕ್ಸನ್ ಒಂದನೆಯವನು. 35 ಹುಡುಗಿಯರಲ್ಲಿ ಒಬ್ಬಳನ್ನು ಅವನು ಆರಿಸಬೇಕು. ಕೆಳಗಿನವನೋ ಮೇಲಿನವನೋ ಎಂಬುದೇ ಈ ತ್ರಿಕೋನ; ಅನುಲೋಮ ಪ್ರತಿಲೋಮಗಳ ಹಳೆಯ ಲೆಕ್ಕ ಬೆಳ್ಳಿಯ ಗೌನು ತೊಟ್ಟು ಬಂದಂತೆ. ನಾಯಕಿ ಜಾತಿಗಳನ್ನು ರದ್ದು ಮಾಡಬೇಕೆಂದು ಟೀವಿಯಲ್ಲಿ ಹೇಳುವ ಧೈರ್ಯವನ್ನೇನೋ ತೋರುತ್ತಾಳೆ. ಆದರೆ ಕಥೆ ತಲುಪುವುದು ಅರಮನೆಯ ಮದುವೆಗೆ. ಜಾತಿ ಅಳಿಸುವ ಹೊಣೆ ಒಳ್ಳೆಯ ರಾಜನೊಬ್ಬನ ಮೇಲೆ ಬೀಳುತ್ತದೆ.

ಜಾತಿಯ ಮೂಲಲಕ್ಷಣ ಒಳಮದುವೆಯೇ ಎಂದು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಬಂಧವೊಂದರಲ್ಲಿ ತೋರಿಸಿಕೊಟ್ಟವರು ಅಂಬೇಡ್ಕರ್. 1936ರ ‘ಜಾತಿ ವಿನಾಶ’ದಲ್ಲಿ ಅಂತರ್ಜಾತಿ ವಿವಾಹವನ್ನೇ ಅವರು ನಿಜವಾದ ಮದ್ದೆಂದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳ ಮದುವೆಗೆ ತೆತ್ತ ಬೆಲೆಯನ್ನು ಕನ್ನಡಿಗರು ಮರೆತಿಲ್ಲ. ನಮಗೆ ಗೊತ್ತಿರುವ ಈ ಸತ್ಯದ ಮುಂದೆ ಕ್ಯಾಸ್‌ಳ ಕಾದಂಬರಿ ಬಡವಾಗಿ ಕಾಣುತ್ತದೆ. ಅವಳು ಜಾತಿಯನ್ನು ಅಡ್ಡಿಯಾಗಿ ಬಳಸಿದಳು, ಗಾಯವಾಗಿ ನೋಡಲಿಲ್ಲ. ತ್ರಿಕೋನದ ದೌರ್ಬಲ್ಯ ಬಯಲಾಗುವುದು ಇಲ್ಲಿ. ಯಾರನ್ನು ಆರಿಸುತ್ತಾಳೆ ಎಂಬ ಕುತೂಹಲ ಬೆಳೆದಂತೆಲ್ಲ, ಆರಿಸುವ ಹಕ್ಕು ಯಾರಿಗಿಲ್ಲ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅಂಗಡಿಯ ಆಯ್ಕೆಯೂ ಸ್ವಾತಂತ್ರ್ಯವೂ ಒಂದೇ ಎನಿಸತೊಡಗುತ್ತದೆ.

ಇಳಿಗಾಲ, ಮತ್ತು ಉಳಿದದ್ದು

ಈ ಅಲೆ ಏರಿದಷ್ಟೇ ಬೇಗ ಇಳಿಯಿತು. ವೆರೋನಿಕಾ ರಾತ್‌ಳ ‘ಡೈವರ್ಜೆಂಟ್’ (2011) ಸರಣಿ ತ್ರಿಕೋನವಿಲ್ಲದೆಯೇ ಗೆದ್ದಿತು. ಅದರ ಕೊನೆಯ ಸಂಪುಟದಲ್ಲಿ, 2013ರಲ್ಲಿ, ನಾಯಕಿ ಟ್ರಿಸ್ ಸತ್ತಾಗ ಹಲವು ಓದುಗರು ಸಿಟ್ಟಾದರು. 2016ರಲ್ಲಿ ಅದರ ಮೂರನೆಯ ಚಲನಚಿತ್ರ ಸೋತಿತು, ನಾಲ್ಕನೆಯದು ತಯಾರಾಗಲೇ ಇಲ್ಲ. ‘ಹಂಗರ್ ಗೇಮ್ಸ್’ ಚಿತ್ರಗಳ ಪ್ರಚಾರದಲ್ಲಿ ಕಥೆಯ ಶೋಷಕ ರಾಜಧಾನಿಯ ಶೈಲಿಯ ಪ್ರಸಾಧನಗಳನ್ನೇ 2013ರಲ್ಲಿ ಮಾರಾಟಕ್ಕಿಡಲಾಗಿತ್ತು. ಕಾದಂಬರಿ ಯಾವುದನ್ನು ಅಣಕಿಸಿತ್ತೋ ಅದನ್ನೇ ಮಾರುಕಟ್ಟೆ ಗಂಭೀರವಾಗಿ ಮಾಡಿ ತೋರಿಸಿತು.

ಆದರೆ ಕಥೆಗಳು ಮಾರುಕಟ್ಟೆಯ ಹೇಳಿಕೆಯನ್ನು ಮೀರಿ ನಡೆಯುತ್ತವೆ. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ, ಬೀದಿಗಿಳಿದವರು ಮೂರು ಬೆರಳುಗಳನ್ನೆತ್ತಿ ನಿಂತರು. ‘ಹಂಗರ್ ಗೇಮ್ಸ್’ನಿಂದ ಬಂದ ಸನ್ನೆ ಅದು. ಆ ವರ್ಷದ ನವೆಂಬರಿನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿಯ ಎದುರಿಗೇ ಹಾಗೆ ನಿಂತ ಐವರು ವಿದ್ಯಾರ್ಥಿಗಳನ್ನು ಹಿಡಿದೊಯ್ಯಲಾಯಿತು. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೇನಾ ದಂಗೆಯ ಬಳಿಕ ಅಲ್ಲಿಯೂ ಅದೇ ಮೂರು ಬೆರಳುಗಳು ಮೇಲೆದ್ದವು. ಎಡ್ವರ್ಡನ ಬಣ, ಜೇಕಬ್ಬನ ಬಣ ಎಂದು ಒಡೆದಿದ್ದ ತಲೆಮಾರೇ ಇದು ಎಂಬುದನ್ನು ನೆನೆಯಬೇಕು.

ಆ ಸನ್ನೆಯ ಮೂಲ ಅರ್ಥವನ್ನೂ ನೆನೆಯಬೇಕು. ಕಾದಂಬರಿಯಲ್ಲಿ ಅದು ಆರಂಭದಲ್ಲಿ ಬಂಡಾಯದ ಸನ್ನೆಯಲ್ಲ. ತಂಗಿಗಾಗಿ ಕ್ಯಾಟ್‌ನಿಸ್ ಮುಂದೆ ಬಂದಾಗ ಅವಳ ಊರಿನವರು ಚಪ್ಪಾಳೆ ತಟ್ಟಲು ನಿರಾಕರಿಸಿ, ಮೌನವಾಗಿ ಮೂರು ಬೆರಳನ್ನೆತ್ತುತ್ತಾರೆ. ಪ್ರೀತಿಪಾತ್ರರನ್ನು ಬೀಳ್ಕೊಡುವಾಗ, ಬಹುಮಟ್ಟಿಗೆ ಸಾವಿನ ಮನೆಯಲ್ಲಿ, ಆ ಊರಿನವರು ತೋರುವ ಗೌರವ ಅದು. ಅಂದರೆ ಲೋಕಕ್ಕೆ ಹರಡಿದ್ದು ಒಂದು ಪ್ರೀತಿಯ ಗುರುತೇ. ಇಬ್ಬರು ಹುಡುಗರಲ್ಲಿ ಯಾರು ಎಂಬ ಪ್ರೀತಿಯಲ್ಲ; ಒಂದು ಊರು ತನ್ನ ಮಗಳೊಬ್ಬಳ ಕಡೆಗೆ ತೋರಿದ ಪ್ರೀತಿ. ತ್ರಿಕೋನ ಪುಸ್ತಕವನ್ನು ಮಾರಿತು, ಪುಸ್ತಕವನ್ನು ಉಳಿಸಿದ್ದು ಇದು.

ಹಾಗಾದರೆ ಕಪಾಟಿನ ಕೆಳಗಿನ ಸಾಲಿನ ಬಗ್ಗೆ ನಮ್ಮ ತೀರ್ಪೇನು? ಆ ಸಾಲಿನಲ್ಲಿ ಜೊಳ್ಳೂ ಇದೆ, ಕಾಳೂ ಇದೆ. ಅದನ್ನು ಕೇರಬೇಕಾದವರು ಓದಿದವರು, ಓದದೆ ತಳ್ಳಿಹಾಕುವವರಲ್ಲ. ಇಬ್ಬರಲ್ಲಿ ಯಾರು ನಿನಗಿಷ್ಟ ಎಂದು ಮಗಳನ್ನು ಕೇಳಿ ಮಾತು ಆರಂಭಿಸಬಹುದು. ಅವಳಿಗೆ ಆರಿಸುವ ಅವಕಾಶ ಕೊಟ್ಟವರಾರು, ಕೊಡದವರಾರು ಎಂದು ಮುಂದುವರಿಸಬಹುದು. ಆ ಎರಡನೆಯ ಪ್ರಶ್ನೆ ನಮ್ಮ ಮನೆಯ ಹೊಸ್ತಿಲಿನೊಳಗೂ ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ಸಿದ್ಧತೆ ಹಿರಿಯರಿಗಿರಬೇಕು.

‘ಮ್ಯಾಚ್ಡ್’ನ ಒಂದು ಪ್ರಸಂಗವನ್ನು ಕಡೆಗಾಗಿ ಉಳಿಸಿಕೊಂಡಿದ್ದೆವು. ಆ ನಾಡಿನ ಆಡಳಿತ ನೂರು ಕವಿತೆ, ನೂರು ಹಾಡುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸಿದೆ. ಅಲ್ಲಿನವರು ಯಂತ್ರಗಳ ಮೇಲೆ ಓದುತ್ತಾರೆ. ಕೈಯಿಂದ ಅಕ್ಷರ ಬರೆಯುವುದು ಯಾರಿಗೂ ತಿಳಿಯದು. ಕೈ ಎಂಬ ಆ ಹುಡುಗನಿಗೆ ಮಾತ್ರ ತಿಳಿದಿದೆ. ಬೆಟ್ಟದ ಮೇಲೆ ಅವನು ಕಸ್ಸಿಯಾಳಿಗೆ ಅಕ್ಷರಗಳನ್ನು ಒಂದೊಂದಾಗಿ ಬರೆಯಲು ಕಲಿಸುತ್ತಾನೆ. ಅವರ ಪ್ರೀತಿ ಬೆಳೆಯುವುದು ಹಾಗೆ.

ಹೊರನಾಡಿನಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಆಡುತ್ತಾರೆ, ಬರೆಯಲಾರರು. ಅವರಿಗೆ ಅದನ್ನು ಯಾವ ಆಡಳಿತವೂ ನಿಷೇಧಿಸಿಲ್ಲ. ‘ದಿ ಗಿವರ್’ನ ತಂದೆತಾಯಿಗಳಂತೆ, ಕೇಡು ಬಯಸದೆಯೇ, ನಾವೇ ಒಂದೊಂದು ಪದವನ್ನು ಜಾರಲು ಬಿಟ್ಟಿದ್ದೇವೆ. ಕೆಳಗಿನ ಸಾಲಿನ ಆ ಪುಸ್ತಕಗಳನ್ನು ಮಕ್ಕಳು ನಮಗೆ ಓದಿ ಹೇಳಲಿ. ನಾವು ಅವರ ಪಕ್ಕ ಕೂತು ಅ, ಆ ತಿದ್ದಿಸೋಣ. ಮೇಲಿನ ಸಾಲಿಗೆ ಅವರ ಕೈ ಎಟುಕಲು ಬೇರೆ ದಾರಿ ನಮಗೆ ಕಾಣುತ್ತಿಲ್ಲ.